‘ಕಾನೂನು ಓದಿಲ್ಲ, ಮತ್ತೆ ಇಲ್ಲಿಗೇಕೆ ಬಂದಿರಿ?’

ರಸಾಯನಶಾಸ್ತ್ರವನ್ನೋ ಇತಿಹಾಸವನ್ನೋ ಓದಿದ ಅಭ್ಯರ್ಥಿ ಲಂಡನ್ನಿನ ಲಾ ಫರ್ಮ್ ಒಂದರಲ್ಲಿ ಟ್ರೇನಿ ಸಂದರ್ಶನಕ್ಕೆ ಕೂತ ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಅದರಲ್ಲಿ ಕೊಂಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ (ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದಪತ್ರ ಸಿದ್ಧಪಡಿಸುವ ವಕೀಲ) ಆಗಲು ಕಾನೂನಿನದೇ ಪದವಿ ಬೇಕೆಂದಿಲ್ಲ. ಯಾವ ವಿಷಯದ ಪದವಿಯಾದರೂ ಆದೀತು, ಸಮಾನ ಅರ್ಹತೆಯಾದರೂ ಆದೀತು. ಆದರೆ 2021ರಲ್ಲಿ ಜಾರಿಗೆ ಬಂದ ಎಸ್‌ಕ್ಯೂಇ ಎಂಬ ಸಾಲಿಸಿಟರ್ ಅರ್ಹತಾ ಪರೀಕ್ಷೆಯನ್ನು ದಾಟಬೇಕು. ಮೊದಲ ಹಂತದಲ್ಲಿ ತಲಾ 180ರಂತೆ ಎರಡು ಪತ್ರಿಕೆ, ಒಟ್ಟು 360 ಬಹುಆಯ್ಕೆ ಪ್ರಶ್ನೆಗಳು. ಎರಡನೆಯದರಲ್ಲಿ 12 ಲಿಖಿತ, 4 ಮೌಖಿಕ ಕೌಶಲ ಪರೀಕ್ಷೆಗಳು. ಜೊತೆಗೆ ಎರಡು ವರ್ಷದ ಕೆಲಸ. ದೊಡ್ಡ ಫರ್ಮ್‌ಗಳು ಬಹುಪಾಲು ಈ ಓದಿನ ಖರ್ಚನ್ನು ತಾವೇ ಭರಿಸುತ್ತವೆ. ಹಾಗಾಗಿ ಮೇಜಿನ ಆಚೆ ಕೂತವರ ಚಿಂತೆ ಸರಳ: ಈ ವ್ಯಕ್ತಿ ನಡುವೆ ಕೈಬಿಟ್ಟು ಹೋದಾರೆಯೇ?

ಉತ್ತರ ಕೆಡುವುದು ಹೆಚ್ಚಾಗಿ ಮೊದಲ ವಾಕ್ಯದಲ್ಲೇ. ‘ನಾನು ಕಾನೂನು ಓದಿಲ್ಲ, ಆದರೂ...’ ಎಂದು ಶುರುಮಾಡಿದರೆ ಉಳಿದ ಮಾತೆಲ್ಲ ಸಮಜಾಯಿಷಿಯಾಗುತ್ತದೆ. ಆ ವಿಷಯ ಅರ್ಜಿಯಲ್ಲೇ ಇದೆ, ಓದಿಯೇ ಕರೆದಿದ್ದಾರೆ. ‘ಚಿಕ್ಕಂದಿನಿಂದ ವಾದ ಮಾಡುವುದೆಂದರೆ ಇಷ್ಟ’ ಎನ್ನುವುದು ಇನ್ನೊಂದು ಗುಂಡಿ. ಸಾಲಿಸಿಟರ್ ದಿನದ ಬಹುಪಾಲು ಕರಡು ತಿದ್ದುತ್ತಾರೆ, ಕಡತ ಓದುತ್ತಾರೆ, ಕಕ್ಷಿದಾರರಿಗೆ ಪತ್ರ ಬರೆಯುತ್ತಾರೆ. ವಾದವೇ ಬೇಕಿದ್ದರೆ ನ್ಯಾಯಾಲಯದಲ್ಲಿ ವಾದಿಸುವ ಬ್ಯಾರಿಸ್ಟರ್ ಆಗಬಹುದಿತ್ತಲ್ಲ ಎಂಬ ಮರುಪ್ರಶ್ನೆ ಕಾದಿರುತ್ತದೆ. ಕಂಪನಿಗಳ ವಿಲೀನವನ್ನಷ್ಟೇ ನೋಡಿಕೊಳ್ಳುವ ಫರ್ಮಿನಲ್ಲಿ ಕೂತು ‘ಬಡವರಿಗೆ ನ್ಯಾಯ ಕೊಡಿಸಬೇಕು’ ಎಂದರೆ ಆಸೆ ನಿಜವಾಗಿದ್ದರೂ ಬಾಗಿಲು ತಪ್ಪು.

ನಿಲ್ಲುವ ಉತ್ತರದಲ್ಲಿ ಒಂದು ಕಾಗದವಿರುತ್ತದೆ. ಉದಾಹರಣೆಗೆ: ‘ಕೊನೆಯ ವರ್ಷ ನಮ್ಮ ಪ್ರಯೋಗಾಲಯಕ್ಕೆ ದ್ರಾವಕ ಆರು ವಾರ ತಡವಾಗಿ ಬಂತು. ಒಪ್ಪಂದ ತೆಗೆದು ನೋಡಿದೆ. ತಲುಪಿಸುವ ದಿನಾಂಕದ ಪಕ್ಕ “ಅಂದಾಜು” ಎಂದಿತ್ತು. ಆ ಒಂದು ಪದದಿಂದ ನಮ್ಮ ಪರಿಹಾರ ಹೋಗುತ್ತದೆಯೇ ಎಂದು ಹುಡುಕತೊಡಗಿದೆ.’ ಇಷ್ಟರಲ್ಲಿ ಕುತೂಹಲ ಎಲ್ಲಿ ಹುಟ್ಟಿತೆಂದು ಕಾಣುತ್ತದೆ. ಆಮೇಲೆ ಏನು ಮಾಡಿದಿರಿ ಎಂಬುದೇ ಮುಖ್ಯ, ಏಕೆಂದರೆ ಕುತೂಹಲ ಎಲ್ಲರಿಗೂ ಹುಟ್ಟುತ್ತದೆ. ಉದ್ಯೋಗ ನ್ಯಾಯಮಂಡಳಿಯ ವಿಚಾರಣೆಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ. ಎರಡು ದಿನ ಹಿಂದಿನ ಸಾಲಿನಲ್ಲಿ ಕೂತು ಬರಬಹುದು. ಬ್ರಿಟನ್ನಿನ ಸುಪ್ರೀಂ ಕೋರ್ಟ್ ತನ್ನ ವಿಚಾರಣೆಗಳನ್ನು ಜಾಲತಾಣದಲ್ಲೇ ತೋರಿಸುತ್ತದೆ, ತೀರ್ಪಿನ ಜೊತೆ ಸಾರಾಂಶವನ್ನೂ ಕೊಡುತ್ತದೆ. ಉಚಿತ ಕಾನೂನು ಸಲಹಾ ಕೇಂದ್ರದಲ್ಲಿ ಬಂದವರ ಅಹವಾಲು ಬರೆದುಕೊಂಡಿದ್ದರೆ ಅದರ ತೂಕವೇ ಬೇರೆ.

ಓದಿದ ತೀರ್ಪನ್ನು ಹೆಸರಿಸುವವರು ಅದನ್ನು ಪೂರ್ತಿ ಓದಿರಬೇಕು. 1932ರ ಡೊನೊಹ್ಯೂ ವರ್ಸಸ್ ಸ್ಟೀವನ್‌ಸನ್ ಪ್ರಕರಣದಲ್ಲಿ ಎಡವುವುದು ಬಹಳ ಸುಲಭ. ‘ಜಿಂಜರ್ ಬಿಯರ್ ಬಾಟಲಿಯಲ್ಲಿ ಬಸವನಹುಳು ಸಿಕ್ಕಿತು, ಕುಡಿದಾಕೆ ದಾವೆ ಗೆದ್ದಳು’ ಎಂದುಬಿಡುತ್ತಾರೆ. ಬಾಟಲಿಯಲ್ಲಿ ಹುಳು ಇತ್ತೇ ಎಂಬುದು ನ್ಯಾಯಾಲಯದಲ್ಲಿ ಸಾಬೀತಾಗಲೇ ಇಲ್ಲ. ಆಕೆ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೆ, ನೇರ ಒಪ್ಪಂದವಿಲ್ಲದ ಗ್ರಾಹಕಿಯ ವಿಷಯದಲ್ಲೂ ಎಚ್ಚರ ವಹಿಸುವ ಹೊಣೆ ತಯಾರಕನಿಗಿದೆಯೇ ಎಂಬುದು ಆಗ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದಿದ್ದ ಪ್ರಶ್ನೆ. ಇದೆ ಎಂದವರು ಮೂವರು, ಇಲ್ಲ ಎಂದವರು ಇಬ್ಬರು. ಭಿನ್ನಮತದ ಇಬ್ಬರು ಯಾಕೆ ಒಪ್ಪಲಿಲ್ಲ ಎಂದು ವಿವರಿಸಬಲ್ಲ ಇತಿಹಾಸದ ವಿದ್ಯಾರ್ಥಿ, ಹತ್ತು ಪ್ರಕರಣಗಳ ಹೆಸರು ಉದುರಿಸುವವರಿಗಿಂತ ಮೇಲು.

ಹಳೆಯ ವಿಷಯವನ್ನು ಬಿಟ್ಟು ಬಂದೆ ಎನ್ನಬಾರದು, ಹೊತ್ತು ತಂದೆ ಎನ್ನಬೇಕು. ಆದರೆ ‘ವಿಶ್ಲೇಷಣಾ ಸಾಮರ್ಥ್ಯ’ ಎಂಬ ಪದ ಏನನ್ನೂ ಹೇಳುವುದಿಲ್ಲ. ಒಂದಕ್ಕೊಂದು ಹೊಂದದ ಎರಡು ದಾಖಲೆಗಳಲ್ಲಿ ಯಾವುದನ್ನು ನಂಬಿದಿರಿ, ಯಾಕೆ, ಪ್ರಯೋಗದ ಫಲಿತಾಂಶ ಊಹೆಗೆ ವಿರುದ್ಧ ಬಂದಾಗ ಏನು ಬರೆದಿರಿ, ಇಂಥವನ್ನು ಹೇಳಬೇಕು. ಒಟ್ಟು ಉತ್ತರ ಒಂದೂವರೆ ನಿಮಿಷ ಮೀರದಿರಲಿ. ಬಾಯಿಪಾಠ ಬೇಡ; ಕಾಗದ, ಆಮೇಲೆ ಮಾಡಿದ್ದು, ಈ ಫರ್ಮೇ ಏಕೆ ಎಂಬ ಮೂರು ನಿಲ್ದಾಣಗಳು ನೆನಪಿದ್ದರೆ ನಡುವೆ ಪ್ರಶ್ನೆ ಬಿದ್ದರೂ ದಾರಿ ತಪ್ಪುವುದಿಲ್ಲ.

ಕೊನೆಗೆ ‘ನೀವೇನಾದರೂ ಕೇಳುವುದಿದೆಯೇ’ ಎನ್ನುತ್ತಾರೆ. ಅರ್ಹತೆಗೆ ಬೇಕಾದ ಎರಡು ವರ್ಷದ ಅನುಭವವನ್ನು ಗರಿಷ್ಠ ನಾಲ್ಕು ಸಂಸ್ಥೆಗಳಲ್ಲಿ ಪಡೆದು ಕೂಡಿಸಬಹುದು; ಪ್ಯಾರಾಲೀಗಲ್ (ವಕೀಲರ ಸಹಾಯಕ) ಕೆಲಸ, ಸಲಹಾ ಕೇಂದ್ರದ ಸೇವೆಯೂ ಲೆಕ್ಕಕ್ಕೆ ಬರಬಹುದು. ಆದ್ದರಿಂದ ಈ ಹಿಂದೆ ಮಾಡಿದ ಕೆಲಸವನ್ನು ಫರ್ಮ್ ಪರಿಗಣಿಸುತ್ತದೆಯೇ, ಇಲ್ಲಿನ ಅನುಭವವನ್ನು ದೃಢೀಕರಿಸುವ ಸಾಲಿಸಿಟರ್ ಯಾರು ಎಂದು ಕೇಳಿ.