ನ್ಯಾನೋ ಆಂಪಿಯರ್‌ಗೆ ದೊಡ್ಡ ರೆಸಿಸ್ಟರೇ ಬೇಕು

ಮಂದ ಬೆಳಕಿನಲ್ಲಿ ಫೋಟೋಡಯೋಡ್ ಕೊಡುವ ಕರೆಂಟು ಕೆಲವೇ ನ್ಯಾನೋ ಆಂಪಿಯರ್. ಅದನ್ನು ವೋಲ್ಟೇಜ್ ಮಾಡುವ ಸರ್ಕ್ಯೂಟ್ ಕಾಗದದ ಮೇಲೆ ಬಲು ಸುಲಭ. ಒಂದು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್), ಅದರ ಔಟ್‌ಪುಟ್‌ನಿಂದ ಮೈನಸ್ ಪಿನ್ನಿಗೆ ಒಂದು ಫೀಡ್‌ಬ್ಯಾಕ್ ರೆಸಿಸ್ಟರ್, ಅಷ್ಟೇ. 10 ನ್ಯಾನೋ ಆಂಪಿಯರ್ 10 ಮೆಗಾಓಮ್‌ನಲ್ಲಿ ಹರಿದರೆ 100 ಮಿಲಿವೋಲ್ಟ್ ಸಿಗುತ್ತದೆ.

'ಅಷ್ಟು ದೊಡ್ಡ ರೆಸಿಸ್ಟರ್ ಯಾಕೆ, 1 ಮೆಗಾಓಮ್ ಹಾಕಿ ಮುಂದಿನ ಸ್ಟೇಜಿನಲ್ಲಿ ಹತ್ತು ಪಟ್ಟು ಮಾಡಿದರಾಯ್ತು' ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ರೆಸಿಸ್ಟರ್ ಹತ್ತು ಪಟ್ಟಾದರೆ ಸಿಗ್ನಲ್ಲೂ ಹತ್ತು ಪಟ್ಟು. ಆದರೆ ಅದರ ಶಾಖದಿಂದ ಹುಟ್ಟುವ ನಾಯ್ಸ್ ಏರುವುದು ಸುಮಾರು ಮೂರು ಪಟ್ಟು ಮಾತ್ರ. (ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ.) ಎರಡನೇ ಸ್ಟೇಜ್ ಎರಡನ್ನೂ ಸಮನಾಗಿ ಹಿಗ್ಗಿಸುತ್ತದೆ. ಆಮೇಲೆ ಪರದಾಡಿ ಏನು ಲಾಭ?

ಆಪ್‌ಆಂಪ್ ಆರಿಸುವಾಗ ನಾನು ಮೊದಲು ನೋಡುವುದು ಬಯಾಸ್ ಕರೆಂಟನ್ನು, ಅಂದರೆ ಅದರ ಇನ್‌ಪುಟ್ ಪಿನ್ನಿನಲ್ಲೇ ಹರಿಯುವ ಕರೆಂಟನ್ನು. ಎಲ್‌ಎಂ358 ಅನ್ನುವ ಆಪ್‌ಆಂಪ್ ತಾನೇ ಹತ್ತಾರು ನ್ಯಾನೋ ಆಂಪಿಯರ್ ನುಂಗುತ್ತದೆ, ಅಳೆಯಬೇಕಾದ ಕರೆಂಟಿಗಿಂತ ಜಾಸ್ತಿ! ನನ್ನ ಬೋರ್ಡಿನಲ್ಲಿರುವುದು ಎಲ್‌ಎಂಸಿ662. ಅದರದು ಫೆಮ್ಟೋ ಆಂಪಿಯರ್ (ನ್ಯಾನೋದ ಹತ್ತು ಲಕ್ಷದಲ್ಲೊಂದು ಪಾಲು) ಲೆಕ್ಕ.

ನಿಜವಾದ ತಲೆನೋವು ಕೆಪಾಸಿಟೆನ್ಸ್. ನಾನು ಬಳಸುವ ಬಿಪಿಡಬ್ಲ್ಯೂ34 ಡಯೋಡಿಗೆ ಬಯಾಸ್ (ಹೊರಗಿನಿಂದ ವೋಲ್ಟೇಜ್) ಕೊಡದಿದ್ದರೆ ಸುಮಾರು 70 ಪಿಕೋಫ್ಯಾರಡ್ ಇರುತ್ತದೆ. ದೊಡ್ಡ ರೆಸಿಸ್ಟರ್ ಜೊತೆ ಸೇರಿ ಅದು ಫೀಡ್‌ಬ್ಯಾಕನ್ನು ತಡ ಮಾಡುತ್ತದೆ. ಔಟ್‌ಪುಟ್ ಕುಣಿಯೋಕೆ ಶುರು. ಮದ್ದು ಅಂದರೆ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಪುಟ್ಟ ಕೆಪಾಸಿಟರ್. ನನ್ನ ಸರ್ಕ್ಯೂಟಿಗೆ ಲೆಕ್ಕ ಹಾಕಿದರೆ ಬರುವುದು ಸುಮಾರು 1 ಪಿಕೋಫ್ಯಾರಡ್. ಪಕ್ಕಪಕ್ಕದ ಎರಡು ತಂತಿಗಳ ನಡುವೆಯೇ ಅಷ್ಟಿರುತ್ತದೆ ಅಲ್ವಾ? ಹಾಗಾಗಿ ಎರಡು ಇನ್ಸುಲೇಟೆಡ್ ತಂತಿ ಹೊಸೆದು, ಸ್ಕೋಪ್ (ಅಲೆ ತೋರಿಸುವ ಆಸಿಲೋಸ್ಕೋಪ್) ನೋಡುತ್ತಾ ತುದಿ ಕತ್ತರಿಸುತ್ತಾ ಹೋಗುತ್ತೇನೆ. ಇದಕ್ಕೆ ತೆರುವ ಬೆಲೆ ವೇಗ. 10 ಮೆಗಾಓಮ್ ಮತ್ತು 1 ಪಿಕೋಫ್ಯಾರಡ್ ಸೇರಿದರೆ ಬ್ಯಾಂಡ್‌ವಿಡ್ತ್, ಅಂದರೆ ಸರ್ಕ್ಯೂಟ್ ಹಿಂಬಾಲಿಸಬಲ್ಲ ಫ್ರೀಕ್ವೆನ್ಸಿಯ ಮಿತಿ, ಸುಮಾರು 16 ಕಿಲೋಹರ್ಟ್ಸ್. ನನಗೆ ಅಷ್ಟು ಸಾಕು.

ಬೆಸುಗೆ ಹಾಕಿದ ಮೇಲೆ ಬೋರ್ಡ್ ಮೇಲೆ ಉಳಿದ ಫ್ಲಕ್ಸಿನ ಅಂಟನ್ನೂ ನಂಬಬೇಡಿ. ಅದು 1 ಗಿಗಾಓಮ್ ದಾರಿ ಮಾಡಿಕೊಟ್ಟರೂ 5 ವೋಲ್ಟ್‌ಗೆ 5 ನ್ಯಾನೋ ಆಂಪಿಯರ್ ಸೋರುತ್ತದೆ. ಚೆನ್ನಾಗಿ ತೊಳೆದು, ಮೈನಸ್ ಪಿನ್ನನ್ನು ಬೋರ್ಡಿನಿಂದ ಮೇಲೆತ್ತಿ ಗಾಳಿಯಲ್ಲೇ ಬೆಸುಗೆ ಹಾಕಿ.

ಕೊನೆಗೆ ಎಲ್ಲವನ್ನೂ ಲೋಹದ ಡಬ್ಬಿಯಲ್ಲಿಡಿ. ಆಮೇಲೂ ಸ್ಕೋಪಿನಲ್ಲಿ ಅಲೆ ಕಂಡರೆ ಫ್ರೀಕ್ವೆನ್ಸಿ ನೋಡಿ. 50 ಹರ್ಟ್ಸ್ ಮೇನ್ಸ್ ಇರುವ ಕಡೆ 100 ಹರ್ಟ್ಸ್ ಬಂದರೆ ಸಾಮಾನ್ಯವಾಗಿ ದೀಪದ ಬೆಳಕು ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಬರೀ 50 ಬಂದರೆ ಡಬ್ಬಿಯನ್ನು ಗ್ರೌಂಡಿಗೆ ಸರಿಯಾಗಿ ಜೋಡಿಸಿದ್ದೀರಾ ನೋಡಿ.