ಮೊಟ್ಟೆಗೆ ಏನು ಮಾಡಿದೆ?

ಭಾನುವಾರದಿಂದ, ಊರಿನಿಂದ ಬಂದಿರುವ ಅಪ್ಪಯ್ಯನ ಒಂದೇ ಮಾತು ಕಿವಿಯಲ್ಲಿದೆ. "ಸತ್ತ ಹುಳ ಎಣಿಸ್ತಿದ್ದೀಯಲ್ಲ ಅಪ್ಪಿ, ಮೊಟ್ಟೆಗೆ ಏನು ಮಾಡಿದೆ?"

ಡಲ್ಲಾಸಿನ ನಮ್ಮ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಹಸಿರು ಆಕ್ರೊಪೊರಾ ಹವಳ ಎರಡು ತಿಂಗಳಿಂದ ಮಂಕಾಗುತ್ತಿತ್ತು. ಮೈಮೇಲೆ ದುಂಡನೆಯ ಬಿಳಿಚಿದ ಕಲೆಗಳು. ಬೆಳಕು ಜಾಸ್ತಿ ಆಯ್ತೇನೋ ಅಂದುಕೊಂಡಿದ್ದೆ. ಕಡೆಗೆ ಪಿಚಕಾರಿಯಿಂದ ಜೋರಾಗಿ ನೀರು ಬಿಟ್ಟಾಗ ಒಂದು ಚಪ್ಪಟೆ ಹುಳ ತೇಲಿ ಬಂತು. ಹವಳ ತಿಂದು ಹವಳದ್ದೇ ಬಣ್ಣ ತಾಳುವ ಹುಳ ಅದು. ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ವಿಜ್ಞಾನಿಗಳು 2011ರಲ್ಲಿ ಅದಕ್ಕೆ ಅಮಾಕುಸಪ್ಲಾನಾ ಆಕ್ರೊಪೊರೇ ಎಂದು ಹೆಸರಿಟ್ಟಿದ್ದೂ ತೊಟ್ಟಿಯ ಹವಳದಲ್ಲಿ ನೋಡಿಯೇ. ಸಮುದ್ರದಲ್ಲಿ ಸಿಕ್ಕಿದ್ದು ಆಮೇಲೆ. ಈ ತುಂಡು ಮಾರಿದವರು "ಕ್ಲೀನ್ ಇದೆ" ಅಂದಿದ್ದರು. ನೋಡದೇ ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಡೀ ತೊಟ್ಟಿಗೆ ಔಷಧಿ ಸುರಿಯಲು ಧೈರ್ಯ ಬರಲಿಲ್ಲ. ಸೀಗಡಿ, ಏಡಿ ಎಲ್ಲ ಅಲ್ಲೇ ಇವೆ. ಹವಳದ ಮೂರು ಕಡ್ಡಿ ಮುರಿದೆ. ಮೂರು ಜಾಡಿಗೆ ತೊಟ್ಟಿಯ ನೀರು ತುಂಬಿ ಒಂದೊಂದು ಕಡ್ಡಿ ಅದ್ದಿದೆ. ಒಂದಕ್ಕೆ ಅಯೋಡಿನ್, ಒಂದಕ್ಕೆ ಲೆವಮಿಸೋಲ್, ಮೂರನೆಯದಕ್ಕೆ ಏನೂ ಇಲ್ಲ.

"ಲೆವಮಿಸೋಲ್ ಅಂದ್ರೆ ಕರುಗಳಿಗೆ ಜಂತುಹುಳಕ್ಕೆ ಕುಡಿಸೋದಲ್ವಾ?" ಅಂದರು ಅಪ್ಪಯ್ಯ. ಅದೇ.

ಹದಿನೈದು ನಿಮಿಷದ ನಂತರ ಕಡ್ಡಿಗಳಿಗೆ ಪಿಚಕಾರಿ ಬಿಟ್ಟೆ. ಅಯೋಡಿನ್ ಜಾಡಿಯಲ್ಲಿ 4 ಹುಳ, ಲೆವಮಿಸೋಲಿನಲ್ಲಿ 11. ಬರೀ ನೀರಿನಲ್ಲೂ 3 ಬಿದ್ದಿದ್ದವು. ಅಂದರೆ ಪಿಚಕಾರಿ ಬಿಟ್ಟರೇ ಒಂದಷ್ಟು ಉದುರುತ್ತವೆ. ಆದರೂ 11 ಅನ್ನುವ ಲೆಕ್ಕ ನೋಡಿ ನನಗೆ ಖುಷಿಯೋ ಖುಷಿ. ಆಗಲೇ ಅವರು ಆ ಪ್ರಶ್ನೆ ಕೇಳಿದ್ದು.

ಕಡ್ಡಿ ತಿರುಗಿಸಿ ನೋಡಿದೆ. ಬುಡದಲ್ಲಿ, ಮಾಂಸ ಹೋಗಿ ಬರೀ ಎಲುಬು ಉಳಿದ ಜಾಗದಲ್ಲಿ, ಕಂದು ಚುಕ್ಕೆಗಳ ಗುಂಪು. ಅದ್ದಿ ತೆಗೆಯುವ ಔಷಧಿಗೆ ಮೊಟ್ಟೆ ಸಾಯುವುದಿಲ್ಲ. ಎರಡು ಮೂರು ವಾರದಲ್ಲಿ ಒಡೆದು ಮರಿ ಬರುತ್ತವೆ. ಇದನ್ನೆಲ್ಲ ನಾನು ಓದಿದ್ದೆ. ಸತ್ತ ಹುಳ ಎಣಿಸುವಾಗ ಒಂದೂ ನೆನಪಾಗಲಿಲ್ಲ.

ಅಪ್ಪಯ್ಯ ಇದನ್ನೇನೂ ಓದಿಲ್ಲ. ಸಾಗರದ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಸುತ್ತಾರೆ, 40–45 ದಿನಕ್ಕೆ ಮತ್ತೊಮ್ಮೆ. (ಆ ಮೈಲುತುತ್ತ ಒಂದು ಚಿಟಿಕೆ ಬಿದ್ದರೂ ನನ್ನ ಸೀಗಡಿಗಳು ಉಳಿಯವು.) "ಮೊದಲನೇ ಮದ್ದು ಎಲ್ರೂ ಹೊಡಿಸ್ತಾರೆ. ಎರಡನೇದಕ್ಕೆ ಮಳೆ ಬಿಡಲ್ಲ, ಜನ ಸಿಗಲ್ಲ. ತೋಟ ಹೋಗೋದು ಅಲ್ಲೇ" ಅಂದರು. ಒಂದು ವರ್ಷ ನಮ್ಮದೂ ಹಾಗೇ ಹೋಗಿತ್ತು. ಅಂಗಳದ ತುಂಬ ಉದುರಿದ ಹಸಿ ಅಡಿಕೆ ಇತ್ತು. ಆಗ ನಾನು ಹಾಸ್ಟೆಲಿನಲ್ಲಿದ್ದೆ, ರಜೆಗೆ ಬಂದವನು ಏನಾಯ್ತು ಅಂತಲೂ ಕೇಳಿರಲಿಲ್ಲ. ಈ ವಾರ ಕೇಳಿದೆ. ರಾತ್ರಿ ಹನ್ನೊಂದರವರೆಗೆ ಹೇಳಿದರು.

ಭಾನುವಾರವೇ ಬ್ಲೇಡಿನಿಂದ ಮೊಟ್ಟೆ ಕೆರೆದೆವು. ಅವರು ಟಾರ್ಚ್ ಹಿಡಿದರು. ಕೈ ಹೋಗದ ಕಡೆ ಕಡ್ಡಿಯನ್ನೇ ಮುರಿದು ಎಸೆದೆವು. ಮತ್ತೆ ಮತ್ತೆ ಅದ್ದಲು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಮುಂದಿನ ಆರು ಭಾನುವಾರಕ್ಕೆ ಅಪ್ಪಯ್ಯ ಸುತ್ತು ಹಾಕಿದ್ದಾರೆ. ಅದರಲ್ಲಿ ಅವರು ಇಲ್ಲಿರುವುದು ಎರಡಕ್ಕೆ.