ಅಜ್ಜಿ ಹೆಸರು ಇಡ್ತೀವಿ ಅಂದ್ರೆ ಯಾವ ಹೆಸರು?

ಭಾನುವಾರದಿಂದ ಒಂದೇ ಮಾತು ತಲೇಲಿ ತಿರುಗ್ತಾ ಇದೆ. ಬಸ್ಸಲ್ಲಿ ಕೂತ್ರೂ ಅದೇ, ಅಡಿಗೆ ಮಾಡೋವಾಗ್ಲೂ ಅದೇ. "ಪದ್ಮಾವತಿ ಅಂದ್ರ ನಿಮ್ಮಜ್ಜನ ಹೆಂಡ್ತಿ ಹೆಸರೋ ಬಾಳೂ. ನನ್ನ ಹೆಸರು ಇಡ್ತೀಯೇನು?"

ಹೇಳಿದ್ದು ನಮ್ಮಜ್ಜಿ, ಅಪ್ಪನ ತಾಯಿ. ಹೇಳಿದ್ದು ಅಣ್ಣನ ಮಗಳ ತೊಟ್ಟಿಲ ದಿನ, ಪುಣೆಯ ಕೋಥ್ರೂಡಲ್ಲಿ ಅವರ ಸೊಸೈಟಿ ಹಾಲಲ್ಲಿ, ಅರವತ್ತು ಎಪ್ಪತ್ತು ಜನರ ಮುಂದೆ. ಅಣ್ಣ ತಾಟಲ್ಲಿ ಅಕ್ಕಿ ಹರವಿ, ಉಂಗುರ ಹಿಡ್ಕೊಂಡು, "ಅಜ್ಜೀ, ನಿನ್ನ ಹೆಸರು ಬರೀಲಿಕ್ಕತ್ತೀನಿ ನೋಡು" ಅಂತ ಖುಷಿಯಿಂದ ಕೂಗಿ ಹೇಳ್ದ. ಅಜ್ಜಿ ಕುರ್ಚಿ ಮೇಲೆ ಕೂತಿದ್ಲು. ಸಿಟ್ಟಿಲ್ಲ, ಅಳು ಇಲ್ಲ, ಉಪ್ಪು ಕಡಿಮೆ ಆಗ್ಯದ ಅಂತ ಹೇಳೋ ಧ್ವನೀಲಿ ಆ ಮಾತು ಹೇಳಿದ್ಲು.

ಅಣ್ಣ, ವೈನಿ (ಅಂದ್ರೆ ಅತ್ತಿಗೆ) ಮಗು ಹುಟ್ಟೋ ಮುಂಚೆನೇ ನಿರ್ಧಾರ ಮಾಡಿದ್ರು, ಹೆಣ್ಣಾದ್ರೆ ಅಜ್ಜಿ ಹೆಸರು, ಕರೆಯೋಕೆ ಪದ್ಮಾ. ನನಗಂತೂ ತುಂಬಾ ಖುಷಿಯಾಗಿತ್ತು, ಯಾಕಂದ್ರೆ ಈಗ ಎಲ್ಲಾ ಮನೇಲೂ ಎರಡಕ್ಷರದ ಹೆಸರುಗಳೇ, ಮೊಬೈಲಲ್ಲಿ ಹುಡುಕಿ ಇಡ್ತಾರೆ, ಆ ಹೆಸರಿನ ಹಿಂದೆ ಮನೆಯವರು ಯಾರೂ ಇರೋದಿಲ್ಲ. ನಮ್ಮ ಕಡೆ ಹಂಗಲ್ಲ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರೋ ಮುತ್ತಜ್ಜನ ಹೆಸರೋ ಬರಲೇಬೇಕು. ಅಣ್ಣನಿಗೆ ಮುತ್ತಜ್ಜನ ಹೆಸರು, ವಾಸುದೇವ. ಆದ್ರೆ ಅದು ಅಜ್ಜಿಗೆ ಮಾವನ ಹೆಸರು, ಬಾಯಲ್ಲಿ ತರೋ ಹಂಗಿಲ್ಲ, ಅದಕ್ಕೆ ಅವಳು ಬಾಳು ಅಂತ ಕರೆದ್ಲು, ಇಡೀ ಮನೆ ಬಾಳು ಅಂತು, ಇವತ್ತಿಗೂ ಅವನು ಬಾಳುನೇ. ಎಷ್ಟೋ ಮಕ್ಕಳಿಗೆ ಮನೇಲಿ ಒಂದು ಹೆಸರು ಶಾಲೇಲಿ ಒಂದು ಹೆಸರು ಇರೋದು ಹಿಂಗೇ, ಸೊಸೆ ಹಿರಿಯರ ಹೆಸರು ಹೇಳಬಾರದು ಅನ್ನೋ ಕಟ್ಟಿನಿಂದ.

ಅಜ್ಜಿ ಆ ಮಾತು ಹೇಳಿದ್ಮೇಲೆ ಹಾಲಲ್ಲಿ ಎಲ್ಲಾರೂ ಸುಮ್ಮನಾದ್ರು. ಆಚಾರ್ರು ಕೈಯಲ್ಲಿ ಅಕ್ಷತೆ ಹಿಡ್ಕೊಂಡು ಕಾಯ್ತಾ ನಿಂತ್ರು. ಕಾಕಾ ಮಾತ್ರ "ವಯಸ್ಸಾಗ್ಯದ, ಏನರ ಅಂತಾಳ, ನೀ ಬರಿ" ಅಂದ. ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕಾಕಾ ಕೆಟ್ಟವನಲ್ಲ, ಊರಿಂದ ಎಲ್ಲರನ್ನೂ ಕರ್ಕೊಂಡು ಬಂದವನು ಅವನೇ, ಅಜ್ಜಿಯ ಔಷಧಿ ಲೆಕ್ಕ ಇಡೋನೂ ಅವನೇ. ಆದ್ರೆ ಮುದುಕಿ ಬಾಯಿ ತೆರೆದ್ರೆ ಅದು ವಯಸ್ಸಿನ ತೊಂದ್ರೆ ಅನ್ನೋದು ಎಂಥಾ ರೂಢಿ? ಅವಳಿಗೆ ಎಂಬತ್ತು ದಾಟಿದ್ರೂ ತಿಥಿ ನಕ್ಷತ್ರ ಪಂಚಾಂಗ ನೋಡದೆ ಹೇಳ್ತಾಳೆ.

ವೈನಿ ಕೊಲ್ಹಾಪುರದವಳು, ಕನ್ನಡ ಮದುವೆಯಾದ್ಮೇಲೆ ಕಲಿತದ್ದು. ಮಗು ಎತ್ಕೊಂಡೇ ಅಜ್ಜಿ ಹತ್ರ ಹೋಗಿ ಕೂತು, "ಅಜ್ಜೀ, ನಿಮ್ಮ ಹೆಸರು ಹೇಳ್ರಿ" ಅಂದ್ಲು. ಅಷ್ಟು ಜನರಲ್ಲಿ ಹೆಸರು ಕೇಳಬೇಕು ಅಂತ ಹೊಳೆದದ್ದು ಅವಳೊಬ್ಬಳಿಗೇ.

ಕೃಷ್ಣವೇಣಿ.

ಗಲಗಲಿ ಅಜ್ಜಿಯ ತವರು, ಕೃಷ್ಣಾ ದಂಡೆ ಮೇಲಿನ ಊರು. ಹೊಳಿ ತುಂಬಿ ಬಂದ ವರ್ಷ ಹುಟ್ಟಿದ್ಲಂತೆ, ಅವಳ ಸೋದರತ್ತೆ ಕಿವಿಯಲ್ಲಿ ಹೇಳಿದ ಹೆಸರು ಅದು. ಮನೇಲಿ ವೇಣಿ. 1957ರಲ್ಲಿ ಮದುವೆ. ಗಂಡ ಶ್ರೀನಿವಾಸ ಅಂದ್ಮೇಲೆ ಹೆಂಡತಿ ಪದ್ಮಾವತಿ ಆಗಬೇಕು, ಹಂಗಂತ ಹಿರಿಯರು ನಿರ್ಧಾರ ಮಾಡಿದ್ರು. ಅವತ್ತೂ ಇದೇ ತರ ತಾಟು, ಅಕ್ಕಿ, ಉಂಗುರ. "ತಾಟು ಅವರ ಕಡೆ ಮುಖ ಮಾಡಿತ್ತು, ನನಗ ಅಕ್ಷರ ತಲಿಕೆಳಗಾಗಿ ಕಾಣಸ್ತಿದ್ವು. ಓದಿ ತಿಳಕೊಳ್ಳೂದ್ರಾಗ ಅಕ್ಕಿ ಕೂಡಿಸಿಬಿಟ್ರು" ಅಂದ್ಲು ಅಜ್ಜಿ.

ಅಪ್ಪ ಆಗ ನಿಧಾನಕ್ಕೆ ಬಾಯಿ ಬಿಟ್ರು. ಗಲಗಲಿ ಸೋದರಮಾವ ಬಂದಾಗ ಬಾಗಿಲಲ್ಲೇ "ವೇಣಕ್ಕಾ" ಅಂತಿದ್ರಂತೆ, ಅದು ಮುದ್ದಿಗೆ ಕರೆಯೋದು ಅಂತ ಅಪ್ಪ ಅನ್ಕೊಂಡಿದ್ರಂತೆ. ಆ ಸೋದರಮಾವ ತೀರ್ಕೊಂಡು ಎಷ್ಟೋ ವರ್ಷ ಆಯ್ತು, ಅಜ್ಜಿಯ ಅಕ್ಕತಂಗೇರೂ ಇಲ್ಲ. ಅಂದ್ರೆ ಆ ಹೆಸರಿಂದ ಅವಳನ್ನ ಕರೆಯೋ ಬಾಯಿ ಒಂದೂ ಉಳಿದಿಲ್ಲ. ಆಧಾರ್, ಪೆನ್ಷನ್, ರೇಷನ್ ಕಾರ್ಡ್ ಎಲ್ಲಾ ಕಡೆ ಪದ್ಮಾವತಿ. ಇದನ್ನ ಯೋಚನೆ ಮಾಡಿದಾಗೆಲ್ಲ ನನಗೆ ಎದೆ ಹಿಂಡಿದಂಗಾಗ್ತದೆ.

ಅಜ್ಜ ಒಳ್ಳೆ ಮನುಷ್ಯ. ಅಜ್ಜಿನೂ ದೂರು ಹೇಳ್ಲಿಲ್ಲ. "ಪದ್ಮಾವತಿ ಮ್ಯಾಲ ನನಗೇನ ಸಿಟ್ಟಿಲ್ಲವಾ, ಆಕೀನೂ ಚೊಲೋತ್ನಾಗಿ ಸಂಸಾರ ಮಾಡ್ಯಾಳ" ಅಂದ್ಲು ನನಗೆ ಆಮೇಲೆ, ಊಟ ಮಾಡ್ತಾ. ಅವಳು ತನ್ನ ಬಗ್ಗೆನೇ ಬೇರೆ ಯಾರೋ ಅನ್ನೋ ತರ ಹೇಳಿದ್ದು ಕೇಳಿ ತುತ್ತು ಗಂಟಲಲ್ಲಿ ಇಳೀಲಿಲ್ಲ.

ನಾವಿರೋ ಈ ಪುಣೆ ಊರಿನ ಹೆಸರುವಾಸಿ ಹೆಂಗಸರನ್ನೇ ನೋಡಿ. ಆನಂದಿಬಾಯಿ ಜೋಶಿ, 1886ರಲ್ಲಿ ಅಮೆರಿಕದಲ್ಲಿ ಡಾಕ್ಟರ್ ಪದವಿ ತಗೊಂಡು ಬಂದು, ಮರುವರ್ಷ ಇಪ್ಪತ್ತೊಂದಕ್ಕೇ ಇದೇ ಊರಲ್ಲಿ ತೀರ್ಕೊಂಡ ಹುಡುಗಿ. 1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದಾಗ ಅವಳು ಯಮುನಾ, ಆನಂದಿ ಅನ್ನೋದು ಗಂಡ ಗೋಪಾಳರಾವ್ ಇಟ್ಟ ಹೆಸರು. ಹೆಂಗಸರಿಗಾಗಿ ಸೇವಾಸದನ ಅನ್ನೋ ಸಂಸ್ಥೆ ನಡೆಸಿದ ರಮಾಬಾಯಿ ರಾನಡೆ ಕೂಡ ತವರಲ್ಲಿ ಯಮುನಾನೇ. ಝಾನ್ಸಿ ರಾಣಿ ಮಣಿಕರ್ಣಿಕಾ ಆಗಿದ್ದವಳು ಲಕ್ಷ್ಮೀಬಾಯಿ ಆದದ್ದೂ ಮದುವೆಯಿಂದಲೇ. ಅಂಥವರಿಗೇ ಹಂಗಾದ್ರೆ ಗಲಗಲಿಯ ವೇಣೀನ ಯಾರು ಕೇಳ್ತಾರೆ. ಇವತ್ತು ಯಾರಾದ್ರೂ ಅಭಿಮಾನದಿಂದ ಮಗಳಿಗೆ ಆನಂದಿ ಅಂತ ಇಟ್ರೆ ಅದರಲ್ಲಿ ಆ ಹುಡುಗಿಯ ಸಾಧನೆ ಇದೆ, ಸರಿ, ಅವಳ ತಾಯಿ ಕರೆದ ಹೆಸರು ಮಾತ್ರ ಯಾರಿಗೂ ಹೋಗೋದಿಲ್ಲ. ಗಂಡಸರ ಹೆಸರು ಹಂಗೆ ನಡುವೆ ಕಡೀಲಿಲ್ಲ, ತೊಟ್ಟಿಲಲ್ಲಿ ಇಟ್ಟದ್ದು ಸಾಯೋತನಕ ಅದೇ, ಹಂಗಾಗಿ ವಾಸುದೇವ ಅನ್ನೋ ಹೆಸರು ಮುತ್ತಜ್ಜನಿಂದ ಅಣ್ಣನಿಗೆ ಇದ್ದದ್ದು ಇದ್ದಂಗೇ ಬಂತು.

ಹೆಸರು ಇಡೋದ್ರಲ್ಲಿ ನೋವು ಇರೋದು ಇದೊಂದೇ ಕಡೆ ಅಲ್ಲ ಬಿಡಿ. ನಮ್ಮೂರ ಕಡೆ ಹಿಂದಿನ ಮಕ್ಕಳು ಉಳೀಲಿಲ್ಲ ಅಂತ ತಿಪ್ಪೆ ಮೇಲೆ ಹೊರಳಿಸಿ ತಿಪ್ಪಣ್ಣ ಅಂತ ಇಡ್ತಿದ್ರು, ಅದರಲ್ಲಿ ಮಗು ಉಳೀಲಿ ಅನ್ನೋ ಬೇಡಿಕೆ ಇತ್ತು, ಆ ಹೆಸರಿಗೆ ನಾನು ಕೈ ಮುಗೀತೀನಿ. ಆದ್ರೆ ಇಲ್ಲೇ ಪಕ್ಕದ ಸಾತಾರಾ ಜಿಲ್ಲೇಲಿ ಹೆಣ್ಣು ಸಾಕಾಯ್ತು ಅಂತ ಮಕ್ಕಳಿಗೆ ನಕುಸಾ, ಅಂದ್ರೆ ಬೇಡವಾದವಳು, ಅಂತ ಇಡ್ತಿದ್ರು. 2011ರಲ್ಲಿ ಅಂಥಾ 280ಕ್ಕೂ ಹೆಚ್ಚು ಹುಡುಗೀರಿಗೆ ಸರ್ಕಾರದವರೇ ಸಮಾರಂಭ ಮಾಡಿ ಹೊಸ ಹೆಸರು ಕೊಟ್ರು. ಅಲ್ಲಿ ಹೆಸರು ಬದಲಾದದ್ದು ಬಿಡುಗಡೆ. ನಮ್ಮಜ್ಜಿಗೆ ಆದದ್ದು ಬೇರೆ, ಪ್ರೀತಿಯಿಂದ ಇಟ್ಟ ಹೆಸರನ್ನೇ ತೆಗೆದದ್ದು.

ನಮ್ಮಮ್ಮ ಇದೆಲ್ಲಾ ಕೇಳ್ತಾ ಒಂದೂ ಮಾತಾಡ್ಲಿಲ್ಲ. ಅವಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇನ್ನೊಂದು, ಪ್ರತಿ ಸಲ ಅಫಿಡವಿಟ್ಟು. ಸಂಜೆ ಪಾತ್ರೆ ಒರೆಸ್ತಾ "ನನ್ನೂ ಯಾರೂ ಕೇಳಿರಲಿಲ್ಲ" ಅಂತ ಅಷ್ಟೇ ಅಂದ್ಲು.

ಮತ್ತೆ ತಾಟಿನ ಹತ್ರ ಬರ್ತೀನಿ. ಕಾಕಾ ಇನ್ನೊಂದು ತಕರಾರು ತೆಗೆದ, ಬದುಕಿರೋರ ಹೆಸರು ಇಡೋದು ಸರಿಯಲ್ಲ ಅಂತ. ಪದ್ಮಾ ಅಂತ ಇಡೋವಾಗ ಅದು ಯಾಕೆ ನೆನಪಾಗ್ಲಿಲ್ಲ ಅಂತ ನಾನು ಕೇಳಿದೆ, ಅಪ್ಪ ಕಣ್ಣಲ್ಲೇ ಸುಮ್ಮನಿರಿಸಿದ್ರು. ಆಚಾರ್ರೇ ದಾರಿ ತೋರಿಸಿದ್ರು. ಕುಲದೇವತೆ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು ಶಾಸ್ತ್ರದ ಪ್ರಕಾರ ಬರ್ತಾವ, ವ್ಯವಹಾರದ ಹೆಸರು ತಂದೆ ತಾಯಿ ಇಷ್ಟ, ಅದಕ್ಕ ಯಾಕ ಜಗಳ ಅಂದ್ರು. ಅಣ್ಣ ವೈನಿ ಮುಖ ನೋಡ್ದ, ವೈನಿ ಹೂಂ ಅಂತ ತಲೆಯಾಡಿಸಿದ್ಲು, ಅವನು ಅಕ್ಕಿ ಸಮ ಮಾಡಿ ಕೃಷ್ಣವೇಣಿ ಅಂತ ಬರೆದ. ಬರೆಯೋಕೆ ಮೊದಲು ತಾಟನ್ನ ಅಜ್ಜಿ ಕಡೆ ತಿರುಗಿಸಿ ಇಟ್ಟ, ತಾನು ಉಲ್ಟಾ ಕಡೆಯಿಂದ ಕೈ ಚಾಚಿ ಒದ್ದಾಡ್ಕೊಂಡು ಬರೆದ. ನಮ್ಮಣ್ಣ ಮಾತು ಕಡಿಮೆ, ಆದ್ರೆ ಅವತ್ತು ಅವನ ಮೇಲೆ ನನಗೆ ಹೆಮ್ಮೆ ಅನ್ನಿಸ್ತು.

ಕಿವಿಯಲ್ಲಿ ಹೇಳೋ ಹಕ್ಕು ಸೋದರತ್ತೆಯಾದ ನಂದು. ನಾನು ತೊಟ್ಟಿಲೊಳಗೆ ಬಗ್ಗಿ ಕುರ್ರ್ ಅಂದು ಹೆಸರು ಹೇಳೋವಾಗ ಹಿಂದಿಂದ ಎಲ್ಲಾ ಹೆಂಗಸರೂ ರೂಢಿ ಪ್ರಕಾರ ಬೆನ್ನಿಗೆ ಗುದ್ದಿದ್ರು, ಕಾಕು ಗುದ್ದಿದ್ದಂತೂ ಸೋಮವಾರ ತನಕ ನೋವಿತ್ತು, ಗುಗ್ಗರಿ ಹಂಚಿದ್ವಿ.

ಜನನ ನೋಂದಣಿ ಮೊದಲೇ ಆಗಿತ್ತು, ಹೆಸರಿನ ಜಾಗ ಖಾಲಿ ಬಿಟ್ಟಿದ್ರು, ಒಂದು ವರ್ಷದೊಳಗೆ ಸೇರಿಸಿದ್ರೆ ಫೀ ಇಲ್ಲ. 2024ರ ಮೇ 1ರಂದು ಇಲ್ಲಾ ಆಮೇಲೆ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರದಲ್ಲಿ ಸರ್ಕಾರಿ ಕಾಗದದಲ್ಲಿ ಮಗುವಿನ ಹೆಸರು, ತಾಯಿ ಹೆಸರು, ತಂದೆ ಹೆಸರು, ಅಡ್ಡಹೆಸರು ಈ ಕ್ರಮದಲ್ಲಿ ಬರ್ಬೇಕು. ವೈನಿ ಮದುವೆಯಾದ್ಮೇಲೂ ಹೆಸರು ಬದಲಿಸಿರಲಿಲ್ಲ, ಹಾಗಾಗಿ ಅವಳ ಅಮ್ಮ ಇಟ್ಟ ಹೆಸರೇ ಮಗಳ ಹೆಸರಿನ ಪಕ್ಕ ಕೂರ್ತದೆ. ಅಜ್ಜಿಗೆ ಇದನ್ನ ವಿವರಿಸಿದೆ, ಎರಡು ಸಲ ಕೇಳಿಸ್ಕೊಂಡ್ಲು, ಆ ಕಾಗದ ಬಂದ ಕೂಡ್ಲೇ ಒಂದು ಝೆರಾಕ್ಸ್ ಧಾರವಾಡಕ್ಕೆ ಕಳಿಸು ಅಂದ್ಲು. ಬರೋವಾಗ ವಂದೇ ಭಾರತ್ ಟ್ರೇನು ಕುಡಚಿ ಹತ್ರ ಕೃಷ್ಣಾ ದಾಟಿದಾಗ ಹೊಳಿಗೆ ದುಡ್ಡು ಹಾಕೋಣ ಅಂದ್ರೆ ಕಿಟಕಿ ತೆಗೆಯೋಕೆ ಬರ್ಲಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ಲು, ಯಾಕೆ ಅಷ್ಟು ಬೇಜಾರು ಅಂತ ಈಗ ಅರ್ಥ ಆಯ್ತು.

ಕಾಕಾ ನಮ್ಮ ವಂಶವೃಕ್ಷ ಟೈಪ್ ಮಾಡಿಸಿ ಫ್ರೇಮ್ ಹಾಕಿಸಿದಾನೆ, ಅದರಲ್ಲಿ ಹೆಂಗಸರಿಗೆಲ್ಲಾ ಮದುವೆ ನಂತರದ ಹೆಸರೇ. ಅದಕ್ಕೆ ತವರಿನ ಹೆಸರುಗಳನ್ನೂ ಸೇರಿಸ್ಬೇಕು ಅಂತ ನಾನು ಹಟ ಹಿಡಿದಿದೀನಿ. ಬುಧವಾರ ಅಜ್ಜಿ ಹತ್ರ ಕೂತು ಅವಳ ಅತ್ತೆಯ ತವರಿನ ಹೆಸರು ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿ, "ಅವರ ಅಣ್ಣ ಒಮ್ಮೆ ಬಂದಾಗ ಸುಂದ್ರಾ ಅಂತ ಕರದದ್ದು ಕೇಳೀನಿ" ಅಂದ್ಲು. ತಕ್ಷಣ ಕಾಕಾಗೆ ಫೋನ್ ಹಚ್ಚಿದೆ. "ಅದಕ್ಕ ಪ್ರೂಫ್ ಏನದ?" ಅಂದ. ಅಜ್ಜಿ ಫೋನ್ ಇಸ್ಕೊಂಡ್ಲು.

"ನಾ ಕೇಳೀನಿ. ಬರಕೋ."